ಬೀಗರ ಮನೆಯಲ್ಲಿ ಉಣ್ಣದೆ ಬಂದ ವಿರೂಪಾಕ್ಷಪ್ಪ

ಸಿಂಧನೂರಿನ ಕಿರಾಣಿ ಅಂಗಡಿಯ ವಿರೂಪಾಕ್ಷಪ್ಪನಿಗೆ ದೇವರು ಎರಡು ಕಾಲು ಕೊಟ್ಟದ್ದೇ ಅವನ ನಾಲಿಗೆಯನ್ನು ಊರೂರು ಹೊತ್ತು ತಿರುಗಲಿಕ್ಕೆ. ಹೆಸರಿಗೆ ಮಾತ್ರ ಮೆಣಸಿನಕಾಯಿ, ಬೆಲ್ಲ, ಬೆಳ್ಳುಳ್ಳಿ ತರಲು ಮಸ್ಕಿ, ಲಿಂಗಸುಗೂರಿನ ಸಂತೆಗಳಿಗೆ ಹೋಗುತ್ತಿದ್ದ. ಮೆಣಸಿನಕಾಯಿ ನಮ್ಮೂರಲ್ಲೇ ಸಿಗುತ್ತದಲ್ಲ ಎಂದು ಯಾರಾದರೂ ಕೇಳಿದರೆ, "ಅಲ್ಲೀದು ಖಾರ ಜಾಸ್ತಿರೀ" ಎನ್ನುವನು. ಖಾರ ಜಾಸ್ತಿ ಇದ್ದದ್ದು ಮಸ್ಕಿಯ ಖಾನಾವಳಿಯ ಕೆಂಪು ಚಟ್ನಿಯಲ್ಲಿ, ಮತ್ತು ಅದು ಊರಿಗೆಲ್ಲ ಗೊತ್ತಿತ್ತು.

ಅದು ನಿಜಾಮರ ಕಾಲ, ಕೊನೆಯ ವರ್ಷಗಳ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಸರಕಾರದ ಬಸ್ಸು ಬೆಳಿಗ್ಗೆ ಸಿಂಧನೂರು ಬಿಟ್ಟು ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗಿ ಸಂಜೆಗೆ ಮರಳುತ್ತಿತ್ತು. ಆ ದಾರಿಯಲ್ಲಿ ಯಾರ ಕೈಯ ಪುಂಡಿಪಲ್ಯ ಹದವಾಗಿರುತ್ತದೆ, ಯಾವ ಅಂಗಡಿಯ ಮಿರ್ಚಿ ಭಜಿಯನ್ನು ಎಷ್ಟು ಹೊತ್ತಿಗೆ ತಿನ್ನಬೇಕು, ಶೇಂಗಾ ಹೋಳಿಗೆಗೆ ಯಾರ ಮನೆಯ ತುಪ್ಪ ಒಳ್ಳೆಯದು ಎನ್ನುವುದೆಲ್ಲ ವಿರೂಪಾಕ್ಷಪ್ಪನಿಗೆ ಬಾಯಿಪಾಠ. ಖಾನಾವಳಿ ಪರೀಕ್ಷೆ ಮಾಡುವ ವಿದ್ಯೆಯೂ ಅವನಿಗೆ ಒಲಿದಿತ್ತು. ಹೊಸ ಜಾಗಕ್ಕೆ ಹೋದರೆ ಮೊದಲು ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುವನು. ಅಲ್ಲಿ ರೊಟ್ಟಿ ಬಡಿಯುವ ಹೆಂಗಸು ಏನು ಉಣ್ಣುತ್ತಿದ್ದಾಳೆಂದು ನೋಡುವನು. ಅವಳು ಬಿಸಿಯದನ್ನು ಉಣ್ಣುತ್ತಿದ್ದರೆ ಬಂದು ಕೂರುವನು, ಹಳಸಲು ತಿನ್ನುತ್ತಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಬೀಳುವನು. ಈ ಲೆಕ್ಕ ಅವನಿಗೆ ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ನಾಲಿಗೆ ಅವನನ್ನು ಒಮ್ಮೆ ಕೆಡಿಸಿತ್ತು. ಹೆಣ್ಣು ಕೊಡುವ ಮಾತು ಪಕ್ಕಾ ಆಗುವ ತನಕ ಗಂಡಿನ ಮನೆಯಲ್ಲಿ ತುತ್ತು ಮುಟ್ಟಬಾರದು, ಮುಟ್ಟಿದರೆ ಒಪ್ಪಿದಂತೆ. ಹೋದ ವರ್ಷ ಮಗಳು ಕಲ್ಯಾಣಮ್ಮನಿಗೆ ಗಂಡು ನೋಡಲು ಒಂದು ಮನೆಗೆ ಹೋದವನು, ಬರೀ ರುಚಿ ನೋಡುತ್ತೇನೆಂದು ಎರಡು ಹೂರಣದ ಹೋಳಿಗೆ ಇಳಿಸಿದ್ದ. ಅವನು ಊರು ಮುಟ್ಟುವುದರೊಳಗೆ ಅವರು ನಿಶ್ಚಯದ ಸೀರೆ ತಂದಾಗಿತ್ತು. ಹುಡುಗ ಇಸ್ಪೀಟಿನ ಹುಲಿ ಎಂದು ತಿಳಿದ ಮೇಲೆ ಆ ಎರಡು ಹೋಳಿಗೆ ಬಿಡಿಸಿಕೊಳ್ಳಲು ಮೂರು ಸಲ ಹೋಗಿ ಕೈಮುಗಿಯಬೇಕಾಯಿತು.

ಹೀಗಾಗಿ, ಲಿಂಗಸುಗೂರಿನ ಬಸವಂತರಾಯರ ಎರಡನೆಯ ಮಗನನ್ನು ನೋಡಲು ಹೊರಟ ದಿನ ಹೆಂಡತಿ ಅಮರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹುಡುಗನ್ನ ನೋಡ್ರಿ, ಮನಿ ನೋಡ್ರಿ. ಮನಸಿಗೆ ಬರೋ ತನಕಾ ಬಾಯಿ ಬಿಗೀ ಹಿಡೀರಿ. ಹೋಗೋದು ಮಗಳ ಬಾಳೇವು, ನಿಮ್ಮ ಹೊಟ್ಟಿ ಅಲ್ಲ."

"ಲಿಂಗದಾಣೆ, ನೀರೂ ಮುಟ್ಟಂಗಿಲ್ಲ" ಎಂದ ವಿರೂಪಾಕ್ಷಪ್ಪ.

ಸಂಬಂಧ ತಂದ ಗೋಪಣ್ಣನೂ ಜೊತೆಗೆ ಬಂದ. ಹೊಟ್ಟೆ ತುಂಬಿದ್ದರೆ ಆಸೆ ಹತ್ತಿರ ಸುಳಿಯುವುದಿಲ್ಲವೆಂದು ವಿರೂಪಾಕ್ಷಪ್ಪ ಮಸ್ಕಿಯಲ್ಲೇ ಇಳಿದು ಉಂಡು ಹೋಗಲು ಯೋಚಿಸಿದ್ದ. ಆದರೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಹೊತ್ತು ಮೀರಿತ್ತು. ಮಸ್ಕಿಯಲ್ಲಿ ಕಂಡಕ್ಟರ್ "ಜಲ್ದಿ ಚಲೋ, ಜಲ್ದಿ" ಎಂದು ಯಾರನ್ನೂ ಇಳಿಯಗೊಡಲಿಲ್ಲ. ಖಾನಾವಳಿಯ ಒಗ್ಗರಣೆ ವಾಸನೆ ಕಿಟಕಿಯಿಂದ ಒಳಗೆ ಬಂತು. ವಿರೂಪಾಕ್ಷಪ್ಪ ಅದನ್ನೇ ಉಂಡು ಮುಂದೆ ಹೋದ.

ಬಸವಂತರಾಯರ ವಾಡೆ ಮುಟ್ಟಿದಾಗ ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಮನೆಯೇನೋ ಭರ್ಜರಿ. ದನದ ಕೊಟ್ಟಿಗೆ ತುಂಬ ಎತ್ತು, ನೆಲದೊಳಗಿನ ಹಗೇವು ತುಂಬ ಜೋಳ. ಹುಡುಗ ಕಚೇರಿಯಲ್ಲಿ ಗುಮಾಸ್ತ, ಉರ್ದು ಕಲಿತವನು, ಮಾತು ಮೆತ್ತಗೆ. ಗೋಪಣ್ಣ ಕಣ್ಣಲ್ಲೇ "ಹೆಂಗೈತಿ?" ಎಂದು ಕೇಳಿದ. ವಿರೂಪಾಕ್ಷಪ್ಪ ಕಣ್ಣಲ್ಲೇ "ಛಲೋ ಐತಿ" ಎಂದ. ಅಷ್ಟರಲ್ಲಿ ಒಳಗಿನಿಂದ ಎಣ್ಣೆಗಾಯಿ ಬದನೆಕಾಯಿಯ ವಾಸನೆ ಬಂತು. ಗುರೆಳ್ಳು, ಶೇಂಗಾ, ಬೆಲ್ಲ, ಹುಣಸೆಹುಳಿ ಎಲ್ಲ ಬರಾಬ್ಬರಿ ಬಿದ್ದ, ಎಣ್ಣೆ ಮೇಲೆ ತೇಲುವ ಎಣ್ಣೆಗಾಯಿ. ಮೂರು ಊರಿನ ಖಾನಾವಳಿ ಸುತ್ತಿದ ಆ ಮೂಗಿಗೆ ಇಂಥ ವಾಸನೆ ಎಂದೂ ಬಡಿದಿರಲಿಲ್ಲ.

"ಊಟಕ್ಕ ಏಳ್ರಿ, ಎಡಿ ಮಾಡ್ಯಾರ. ನೀವು ಹೂಂ ಅಂದ್ರ ಇವತ್ತಿಂದ ಬೀಗರು" ಎಂದರು ಬಸವಂತರಾಯರು.

ಹೂಂ ಎನ್ನಲು ಬಾಯಿ ತೆರೆದೇ ಬಿಟ್ಟಿದ್ದ. ಆದರೆ ರೂಢಿ ಬಿಡಬೇಕಲ್ಲ. ಕಾಲು ತೊಳೆದು ಬರುತ್ತೇನೆಂದು ಹಿತ್ತಲಿಗೆ ನಡೆದ.

ಅಡುಗೆಮನೆಯ ಹಿಂಬಾಗಿಲಲ್ಲಿ ಆ ಮನೆಯ ಹಿರಿಯ ಸೊಸೆ ಕೂತಿದ್ದಳು. ಮೊಣಕೈ ತನಕ ಹಿಟ್ಟು. ಪಕ್ಕದಲ್ಲಿ ಬಿಸಿ ರೊಟ್ಟಿಯ ರಾಶಿ ಬಟ್ಟೆ ಮುಚ್ಚಿಕೊಂಡು ಹೊಗೆಯಾಡುತ್ತಿತ್ತು. ಅವಳು ಮಾತ್ರ ನಿನ್ನೆಯ ಒಣ ರೊಟ್ಟಿ ನೀರಿನಲ್ಲಿ ಅದ್ದಿ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು.

"ಯಾಕ್ ತಂಗಿ, ಬಿಸೀದು ಉಣ್ಣಬಾರದೇನು?"

ಅವಳು ಗಾಬರಿಯಿಂದ ಸೆರಗು ಎಳೆದುಕೊಂಡಳು. "ಗಂಡಸ್ರದ್ದು, ಅತ್ತಿದು ಆದ ಮ್ಯಾಲೆ ಉಳಿದ್ರ ನಮಗ್ರೀ. ಉಳಿಯಂಗಿಲ್ರೀ" ಎಂದಳು. ದುಃಖದಿಂದಲ್ಲ, ಸಂತೆ ಯಾವ ವಾರ ಎಂದು ಹೇಳುವ ಹಾಗೆ ಹೇಳಿದಳು.

ವಿರೂಪಾಕ್ಷಪ್ಪನಿಗೆ ಆ ಬಾಗಿಲಲ್ಲಿ ಕಲ್ಯಾಣಮ್ಮ ಕೂತಂತೆ ಕಂಡಿತು. ಆದರೂ ನಾಲಿಗೆ ಕೇಳಬೇಕಲ್ಲ! ಒಳಗೆ ಬಂದು ಮಣೆಯ ಮೇಲೆ ಕೂತಾಗ ಎದುರಿಗೆ ತಟ್ಟೆ ಇತ್ತು, ತಟ್ಟೆಯಲ್ಲಿ ನಾಲ್ಕು ಬದನೆಕಾಯಿ ಇದ್ದವು, ನಾಲ್ಕೂ ಅವನನ್ನೇ ನೋಡುತ್ತಿದ್ದವು. ಬೆರಳು ಒಮ್ಮೆ ಮುಂದೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಎರಡನ್ನೂ ಜೋಡಿಸಿ ಕೈಮುಗಿದ.

"ಮಾಫಿ ಮಾಡ್ರಿ ರಾಯರ. ನಾ ಉಣ್ಣಂಗಿಲ್ಲ."

ಅರ್ಥ ಎಲ್ಲರಿಗೂ ಆಯಿತು. ಬಸವಂತರಾಯರು ಕಾರಣ ಕೇಳಿದರು. ಅವನು ಸುತ್ತಿ ಬಳಸದೆ, "ನಿಮ್ಮ ಹಿತ್ತಲಾಗಿನ ಊಟ ನೋಡಿ ಬಂದೀನ್ರಿ" ಎಂದಷ್ಟೇ ಹೇಳಿ ಎದ್ದ. ಬೀದಿಗೆ ಬಂದ ಮೇಲೆ ಗೋಪಣ್ಣ ತಲೆಮೇಲೆ ಕೈ ಹೊತ್ತುಕೊಂಡ. "ಸಂಬಂಧ ಹೋದ್ರ ಹೋತ್ರಿ ಸಾವಕಾರ್ರ, ಇನ್ನೊಂದ್ ತರ್ತೀನಿ. ಅಂಥಾ ಬದನಿಕಾಯಿ ಎಲ್ಲಿಂದ ತರ್ಲಿ?"

ದೀಪ ಹಚ್ಚುವ ಹೊತ್ತಿಗೆ ವಿರೂಪಾಕ್ಷಪ್ಪ ಮನೆ ಸೇರಿದ. ಹಸಿದು ಬಂದ ಗಂಡನನ್ನು ನೋಡಿಯೇ ಅಮರಮ್ಮನಿಗೆ ಸಂಬಂಧ ಮುರಿದದ್ದು ತಿಳಿಯಿತು. ಒಲೆ ಮುಂದೆ ಕೂತು ಬಿಸಿ ರೊಟ್ಟಿ ಬಡಿದು ಹಾಕತೊಡಗಿದಳು. ಅವನು ಒಂದೊಂದೇ ರೊಟ್ಟಿ ಮುರಿಯುತ್ತ ತನ್ನ ಪರಾಕ್ರಮವನ್ನು ಉಪ್ಪು ಖಾರ ಹಚ್ಚಿ ಹೇಳಿದ. ಆ ಸೊಸೆಯ ಒಣ ರೊಟ್ಟಿ, ತನ್ನ ಧೈರ್ಯ, ಬಿಟ್ಟು ಬಂದ ನಾಲ್ಕು ಬದನೆಕಾಯಿ.

"ರೊಟ್ಟಿ ಬಡಿಯಾಕಿಗೆ ಬಿಸಿ ರೊಟ್ಟಿ ಇಲ್ಲಂದ್ರ ಅದೆಂಥಾ ಮನಿ!" ಎಂದು ಐದನೆಯ ರೊಟ್ಟಿಗೆ ಕೈ ಹಾಕಿದ.

ಬೇಳೆ ಆರಿಸುತ್ತಿದ್ದ ಕಲ್ಯಾಣಮ್ಮ ತಲೆ ಎತ್ತದೆ ಕೇಳಿದಳು. "ಅಪ್ಪಾ, ಅವ್ವ ಏನ್ ಉಣ್ತಾಳ, ನೋಡೀಯೇನು?"

"ಸುಮ್ಕಿರಲೇ" ಎಂದಳು ಅಮರಮ್ಮ.

ವಿರೂಪಾಕ್ಷಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಮೂರು ಊರಿನ ಹಿತ್ತಲುಗಳನ್ನೆಲ್ಲ ನೋಡಿದವನು ತನ್ನ ಮನೆಯ ಒಲೆಯ ಹಿಂದೆ ಒಮ್ಮೆಯೂ ಇಣುಕಿರಲಿಲ್ಲ. ಎದ್ದು ಹೋಗಿ ಮೂಲೆಯ ಬುಟ್ಟಿಯ ಮುಚ್ಚಳ ತೆಗೆದ. ಬೆಳಗಿನ ಎರಡು ರೊಟ್ಟಿ, ಗಡಿಗೆಯ ತಳ ಕೆರೆದ ಪಲ್ಯ. ಇಪ್ಪತ್ತೆರಡು ವರ್ಷ ಅವನ ಊಟ ಮುಗಿದ ಮೇಲೆ ಈ ಮನೆಯಲ್ಲಿ ಇದೇ ನಡೆದಿತ್ತು. ಅವನಿಗೆ ನಾಚಿಕೆಯಾಯಿತು, ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆ.

"ಹೇಳೂದು ಆಚಾರ, ತಿನ್ನೂದು ಬದನಿಕಾಯಿ" ಎಂದು ಮಗಳು ಮೆಲ್ಲಗೆ ನಕ್ಕಳು.

"ಏಳು" ಎಂದ ಅವನು ಹೆಂಡತಿಗೆ. "ನನ್ನ ಮಣಿ ಮ್ಯಾಲೆ ಕುಂದ್ರು. ಕಲ್ಯಾಣಿ, ನೀ ರೊಟ್ಟಿ ಬಡಿ, ನಾ ನೀಡ್ತೀನಿ." ಅಮರಮ್ಮ ಬೇಡ ಬೇಡ ಎನ್ನುತ್ತಲೇ ಕೂತಳು. ಅವನು ಬಗ್ಗಿ ಕೇಳಿದ. "ನಿನಗೇನ್ ಸೇರ್ತೈತಿ, ಹೇಳು. ನಾಳಿಗೆ ಅದನ್ನ ಮಾಡಸ್ತೀನಿ. ಎಣ್ಣಿಗಾಯಿ ಮಾಡಿಸ್ಲೇನು?"

ಅಮರಮ್ಮ ಕೈಯ ಹಿಟ್ಟು ಒರೆಸಿಕೊಂಡಳು. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಏನ್ ಸೇರ್ತೈತೋ ಗೊತ್ತಿಲ್ರಿ. ಬದನಿಕಾಯಿ ಅಂತೂ ಬಿಲ್ಕುಲ್ ಸೇರಂಗಿಲ್ಲ" ಎಂದಳು.

ವಿರೂಪಾಕ್ಷಪ್ಪನಿಗಾಗಿ ಇದೇ ಮನೆಯಲ್ಲಿ ವಾರಕ್ಕೆ ಮೂರು ದಿನ ಬದನೆಕಾಯಿ ಆಗುತ್ತಿತ್ತು. ತಾಯಿ ಮಗಳು ಮುಖ ಮುಖ ನೋಡಿಕೊಂಡು ನಕ್ಕರು, ಕೊನೆಗೆ ಅವನೂ ನಕ್ಕ. ಅಮರಮ್ಮ ಅಂದು ಮೂರು ಬಿಸಿ ರೊಟ್ಟಿ ಉಂಡಳು. ನಾಲ್ಕನೆಯದನ್ನು ನೀಡಲು ಬಂದಾಗ ಸಾಕು ಎನ್ನಲಿಲ್ಲ, ತಟ್ಟೆ ಮುಂದೆ ಸರಿಸಿದಳು.