ಇದ್ದಾಳೆ ಸಾರ್

ಹಂಪಿಯಲ್ಲಿ ಆ ದಿನ ಮಹಾದೇವಿ ಬಸ್ಸು ಹತ್ತಿರಲಿಲ್ಲ. ಹತ್ತಿದ್ದಾಳೆ ಎಂದು ಹೇಳಿದವಳು ನಾನು. ಅವಳು ಎಲ್ಲಿದ್ದಾಳೆ ಎಂಬುದು ಇಡೀ ಬಸ್ಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು — ಯಾಕೆಂದರೆ ಅವಳು ಹೋಗಿದ್ದೇ ನನ್ನ ಕೆಲಸಕ್ಕೆ.

ಇಷ್ಟು ಬರೆಯುವಷ್ಟರಲ್ಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ನಾನೇನು ಬಾಯಿಲ್ಲದವಳಲ್ಲ. ಪೀಣ್ಯದ ನಮ್ಮ ಗಾರ್ಮೆಂಟ್ಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಜಯಮ್ಮನ ಬಾಯಿಗೆ ಹೆದರಿ ಕ್ಯಾಂಟೀನಿನವನು ಸಾರಿಗೆ ನೀರು ಬೆರೆಸುವುದನ್ನೇ ಬಿಟ್ಟ ಎನ್ನುತ್ತಾರೆ. ಅಂಥ ಬಾಯಿ ಬೇಕಾದ ಹೊತ್ತಿನಲ್ಲಿ ತೆರೆಯಲಿಲ್ಲ. ತೆರೆದಾಗ ಬಂದದ್ದು ಸುಳ್ಳು.

ನಮ್ಮ ಲೈನಿನ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಹೊಲಿಗೆ ಮೆಷಿನ್ನುಗಳು ಸಾಲಾಗಿರುತ್ತವೆ. ನಾನು ಕಾಲರ್ ಹೊಲಿದು ಮುಂದಕ್ಕೆ ತಳ್ಳಿದರೆ ಪಕ್ಕದ ಮೆಷಿನ್ನಿನ ಮಹಾದೇವಿ ಅದನ್ನು ಅಂಗಿಗೆ ಕೂಡಿಸಬೇಕು. ಒಬ್ಬಳು ಎದ್ದು ಹೋದರೆ ಬಟ್ಟೆ ರಾಶಿ ಬೀಳುತ್ತದೆ. ಬಾತ್‌ರೂಮಿಗೆ ಹೋಗುವುದೂ ಸೂಪರ್‌ವೈಸರ್ ಕಣ್ಣಿಗೆ ಅಪರಾಧ. ಅದಕ್ಕೇ ಮೂರ್ತಿ ಸಾರ್ ಆ ತುದಿಯಿಂದ "ಮಹಾದೇವಿ ಎಲ್ರೀ?" ಎಂದು ಕೂಗಿದರೆ, ತಲೆ ಎತ್ತದೆ "ಇದ್ದಾಳೆ ಸಾರ್" ಎನ್ನುವುದು ಪಕ್ಕದವಳ ಧರ್ಮ. ನಾನು ಎದ್ದು ಹೋದಾಗ ಅವಳೂ ಹಾಗೇ ಹೇಳಿ ನನ್ನನ್ನು ಕಾಯುತ್ತಿದ್ದಳು. ಅದನ್ನು ಸುಳ್ಳು ಎಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಹಾಗೆ ಹೇಳದವಳ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಮಹಾದೇವಿ ಯಾದಗಿರಿ ಕಡೆಯವಳು. ಗಂಡ ಕಟ್ಟಡ ಕೆಲಸಕ್ಕೆ, ಇವಳು ಗಾರ್ಮೆಂಟ್ಸಿಗೆ. ಚೊಕ್ಕಸಂದ್ರದಲ್ಲಿ ನಮ್ಮ ಮಾವ ಕಟ್ಟಿಸಿದ ವಠಾರದಲ್ಲೇ ಬಾಡಿಗೆಗಿದ್ದರು. ನನಗಿಂತ ಚಿಕ್ಕವಳು, "ಯಕ್ಕಾ" ಎಂದು ಕರೆಯುತ್ತಿದ್ದಳು. ಅವಳ ಮಗಳು ಶಿಲ್ಪಾ ಆಗ ಹೈಸ್ಕೂಲು. ನಾನು ಮುದ್ದೆ ತಿರುವುವುದನ್ನು ನೋಡಿ ಅವಳು ನಗುವುದು, ಅವಳು ರೊಟ್ಟಿ ಬಡಿಯುವ ಸದ್ದಿಗೆ ನಾನು "ಗೋಡೆ ಬಿದ್ದೀತು ಕಣೇ" ಎನ್ನುವುದು — ನಮ್ಮ ಸ್ನೇಹ ಹಾಗಿತ್ತು.

ಆ ಮೇ ತಿಂಗಳು ಆರ್ಡರ್ ಇಲ್ಲದೆ ಲೈನ್ ನಿಂತಿತ್ತು. ರಜೆ ಸಿಕ್ಕಿದ್ದೇ ಸೈ ಎಂದು ಮೂರ್ತಿ ಸಾರ್ ಎಲ್ಲರನ್ನೂ ಸೇರಿಸಿ ಹಂಪಿಗೆ ಬಸ್ಸು ಮಾಡಿದರು. "ಈ ಬಿಸಿಲಲ್ಲಿ ಅಂಪಿನಾ ಸಾರ್? ಬಂಡೆ ಮೇಲೆ ದೋಸೆ ಉಯ್ಕೊಂಡು ಬರ್ಬೋದು ಬಿಡಿ" ಎಂದು ನಾನೇ ತಮಾಷೆ ಮಾಡಿದ್ದೆ. ಆದರೂ ಹೊರಟೆವು. ತಣ್ಣಗಿರುವ ತಿಂಗಳುಗಳಲ್ಲಿ ನಮ್ಮಂಥವರಿಗೆ ರಜೆ ಕೊಡುವವರು ಯಾರು?

ಹಂಪಿಯ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ನೆಲದಿಂದ ಬರುತ್ತದೆ, ಪಕ್ಕದ ಬಂಡೆಯಿಂದ ಬರುತ್ತದೆ, ಒರಗೋಣವೆಂದರೆ ಕಂಬವೂ ಕಾದಿರುತ್ತದೆ. ವಿರೂಪಾಕ್ಷನ ದರ್ಶನ ಮುಗಿಸಿ ಹೆಚ್ಚಿನವರು ನೆರಳಲ್ಲೇ ಕುಳಿತುಬಿಟ್ಟರು. ನಾನು ಮತ್ತು ಮಹಾದೇವಿ ಹಟಕ್ಕೆ ಬಿದ್ದವರ ಹಾಗೆ ಉದ್ದನೆಯ ಬಜಾರು ಬೀದಿ ದಾಟಿ, ಎದುರು ಬಸವಣ್ಣ ಎನ್ನುವ ದೊಡ್ಡ ಕಲ್ಲು ನಂದಿಯ ಪಕ್ಕದ ಮೆಟ್ಟಿಲು ಹತ್ತಿ, ಗುಡ್ಡದ ಆಚೆಗಿನ ಅಚ್ಯುತರಾಯನ ಗುಡಿಗೆ ಹೋದೆವು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟು ದೊಡ್ಡ ಗುಡಿ, ಅಷ್ಟೊಂದು ಕಂಬಗಳು, ಒಂದು ಹಕ್ಕಿಯ ದನಿಯೂ ಇಲ್ಲ. ನನಗೆ ಯಾಕೋ ಭಯವಾಗಿ "ನಡಿ ಓಗಾಣ" ಎಂದೆ.

ಇಳಿದು ಬಸವಣ್ಣನ ಹತ್ತಿರ ಬಂದಾಗ ನೆನಪಾಯಿತು — ಬೆವರು ಒರೆಸಿಕೊಳ್ಳಲು ತೆಗೆದ ಕನ್ನಡಕವನ್ನು ಆ ಗುಡಿಯ ಮಂಟಪದ ಕಟ್ಟೆಯ ಮೇಲೇ ಬಿಟ್ಟಿದ್ದೆ. ಅದಿಲ್ಲದೆ ನನಗೆ ಸೂಜಿ ಕಾಣುವುದಿಲ್ಲ.

"ನೀ ಬಸ್ಸಿಗೆ ನಡಿ ಯಕ್ಕಾ, ಮತ್ತ ಏರಬ್ಯಾಡ. ನಾ ಹೋಗಿ ತರ್ತೀನಿ. ಬಿಸಲು ನಮಗೇನ್ ಹೊಸಾದಲ್ಲ" ಎಂದಳು ಮಹಾದೇವಿ. ಭಾರ ಯಾಕೆಂದು ತನ್ನ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿದಳು. ನೀರಿನ ಬಾಟಲಿ, ಫೋನು, ಎಲ್ಲ ಅದರಲ್ಲೇ ಇತ್ತು. ಬೇಡ ಎನ್ನಬೇಕಿತ್ತು. "ಬೇಗ ಬಾ" ಎಂದೆ, ಅಷ್ಟೆ.

ಬಸ್ಸಿನಲ್ಲಿ ಮೂರ್ತಿ ಸಾರ್ ಬಾಗಿಲ ಬಳಿ ನಿಂತು, ಲೈನಿನಲ್ಲಿ ಕೂಗುವ ಅದೇ ದನಿಯಲ್ಲಿ ಹೆಸರು ಕೂಗುತ್ತಿದ್ದರು. ತಡಮಾಡಿದ ಇಬ್ಬರಿಗೆ ಆಗಲೇ ಬೈದು ಮುಗಿಸಿದ್ದರು. ನನ್ನ ಪಕ್ಕದ ಸೀಟಿನ ಮೇಲೆ ಮಹಾದೇವಿಯ ಬ್ಯಾಗು ಮಾತ್ರ ಇತ್ತು. "ಮಹಾದೇವಿ?" ಎಂದರು. ನಾನು ತಲೆ ಎತ್ತಲಿಲ್ಲ.

"ಇದ್ದಾಳೆ ಸಾರ್."

ಬಾಯಿಗೆ ಅಭ್ಯಾಸವಾದ ಮಾತು. ಉಳಿದ ಹೆಸರು ಕೂಗಿ ಮುಗಿಯುವಷ್ಟರಲ್ಲಿ ಬಂದುಬಿಡುತ್ತಾಳೆ, ಬೈಗುಳ ತಪ್ಪುತ್ತದೆ ಎಂದುಕೊಂಡೆ. ಆದರೆ ಹೆಸರು ಮುಗಿದವು, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ — ಖಾಲಿ ಬೀದಿ, ಬಿಳಿ ಬಿಸಿಲು. ನಿಲ್ಲಿಸಿ ಎಂದು ಕೂಗಲಿಲ್ಲ.

ಯಾಕೆ? ಇಷ್ಟು ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಪಕ್ಕದ ಲೈನಿನಲ್ಲಿ, ಬಾರದ ಗೆಳತಿಯನ್ನು ಬಂದಿದ್ದಾಳೆ ಎಂದವಳನ್ನು ಅದೇ ತಿಂಗಳು ಕೆಲಸದಿಂದ ತೆಗೆದಿದ್ದರು. ನನಗೂ ಒಂದು ಸಲ ಎಚ್ಚರಿಕೆ ಕೊಟ್ಟಾಗಿತ್ತು. ಆ ಭಯವಿತ್ತು, ನಿಜ. ಆದರೆ ಅದು ಮೊದಲ ತಿರುವಿನವರೆಗಿನ ಭಯ. ಮುಂದಿನ ತಿರುವಿಗೆ ಹೇಳೋಣ ಎಂದುಕೊಂಡೆ. ಆ ತಿರುವು ಬಂದಾಗ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳಲಿ ಎಂಬ ಹೊಸ ಭಯ. ಕೃಷ್ಣ ದೇವಸ್ಥಾನದ ಹತ್ತಿರ ನೀರಿನ ಕ್ಯಾನು ಕೊಳ್ಳಲು ಬಸ್ಸು ನಿಂತಿತು. ಆಗಲೂ ಹೇಳಬಹುದಿತ್ತು. ಅವಳ ಬ್ಯಾಗನ್ನು ಎದೆಗೆ ಒತ್ತಿಹಿಡಿದು ಕುಳಿತೆ.

ಕಮಲಾಪುರದಲ್ಲಿ ಊಟಕ್ಕೆ ಇಳಿದಾಗ ಯಾರೋ "ಮಹಾದೇವಿ ಎಲ್ಲಿ?" ಎಂದರು. ಅವಳ ನಂಬರಿಗೆ ಫೋನು ಮಾಡಿದರು. ಅದು ನನ್ನ ತೋಳಿನಲ್ಲಿದ್ದ ಬ್ಯಾಗಿನೊಳಗೆ ಬಡಿದುಕೊಂಡಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಏನ್ರೀ ಜಯಮ್ಮ, ಇದ್ದಾಳೆ ಅಂದ್ರಲ್ಲ?" ಎಂದರು ಮೂರ್ತಿ ಸಾರ್.

ಇಲ್ಲಿಯವರೆಗೆ ನಾನು ಮಾಡಿದ್ದಕ್ಕೆ ಅಭ್ಯಾಸ ಎನ್ನಿ, ಪುಕ್ಕಲುತನ ಎನ್ನಿ. ಇಲ್ಲಿಂದ ಮುಂದಿನದಕ್ಕೆ ಆ ಹೆಸರುಗಳಿಲ್ಲ. ನಾನು ಹೇಳಿದೆ: "ಹತ್ತಿದ್ಲು ಸಾರ್, ನನ್ ಪಕ್ಕದಲ್ಲೇ ಕೂತಿದ್ಲು. ಬ್ಯಾಗ್ ನೋಡಿ, ಇಲ್ಲೇ ಐತೆ. ನೀರಿಗೆ ನಿಲ್ಲಿಸ್ದಾಗ ಇಳಿದೋಳು ಮತ್ತೆ ಹತ್ತಿಲ್ವೇನೋ — ನಂಗೆ ಜೋಂಪು ಹತ್ಬಿಟ್ಟಿತ್ತು."

ಬ್ಯಾಗು ಸಾಕ್ಷಿಯಾಯಿತು. ಎಲ್ಲರೂ ನಂಬಿದರು. ಬಸ್ಸು ಕೃಷ್ಣ ದೇವಸ್ಥಾನಕ್ಕೆ ತಿರುಗಿತು. ಅಂಗಡಿಗಳಲ್ಲಿ, ಬಾಳೆ ತೋಟಗಳಲ್ಲಿ ಅವಳ ಹೆಸರು ಕೂಗುತ್ತಾ ಹುಡುಕಿದರು. ನಾನೂ ಕೂಗಿದೆ. ಅವಳಿಲ್ಲದ ಜಾಗವೆಂದು ಗೊತ್ತಿದ್ದೂ "ಮಾದೇವೀ" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಮ್ಮೆ ಮಾತ್ರ ಮೂರ್ತಿ ಸಾರ್ ಪಕ್ಕಕ್ಕೆ ಹೋಗಿ, "ಆ ಬಸವಣ್ಣನ ಮೆಟ್ಲು ಕಡೆಗೂ ನೋಡಾಣ್ವಾ?" ಎಂದೆ. "ಬಸ್ ಹತ್ತಿ ಬಂದೋಳು ವಾಪಸ್ ಅಲ್ಲಿಗೆ ಯಾಕ್ರೀ ಹೋಗ್ತಾಳೆ?" ಎಂದರು. ಮತ್ತೆ ತೋಟದ ಕಡೆಗೇ ತಿರುಗಿದೆ. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಅವಳು ಸಿಕ್ಕಿದ್ದು ಆ ಮೆಟ್ಟಿಲುಗಳ ಮೇಲೇ. ಆಡು ಮೇಯಿಸುವ ಮುದುಕನೊಬ್ಬ ನೋಡಿ, ಜನ ಸೇರಿಸಿ, ಹೊಸಪೇಟೆಯ ಆಸ್ಪತ್ರೆಗೆ ಸಾಗಿಸಿದ್ದ; ಅಂಗಡಿಯವರ ಬಾಯಿಂದ ಸುದ್ದಿ ತಿಳಿದು ನಾವು ಅಲ್ಲಿಗೆ ಹೋದೆವು. ಬಸ್ಸು ಕಾಣದೆ, ನಾವು ತನ್ನನ್ನೇ ಹುಡುಕಿಕೊಂಡು ಗುಡಿಗೆ ಹೋಗಿರಬಹುದೆಂದು ಮತ್ತೆ ಮೇಲೆ ಹತ್ತಿದ್ದಳಂತೆ. ಪ್ರಜ್ಞೆ ತಪ್ಪುವ ಮೊದಲು ಆ ಮುದುಕನ ಹತ್ತಿರ ಹಾಗೆ ತೊದಲಿದ್ದಳು; ಅವನು ನರ್ಸಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ಆಮೇಲೆ. ಆಗ ಕಂಡದ್ದು ಇಷ್ಟೆ: ಹಾಸಿಗೆಯ ಮೇಲೆ ಸುಟ್ಟ ಬದನೆಕಾಯಿಯ ಹಾಗೆ ಬಾಡಿದ ಮುಖ, ತಲೆ ಕಂಕುಳಿಗೆಲ್ಲ ಒದ್ದೆ ಬಟ್ಟೆ. ಬಿಸಿಲು ತಲೆಗೇರಿದೆ, ಇಷ್ಟು ಹೊತ್ತು ಬಿಡಬಾರದಿತ್ತು ಎಂದರು ಡಾಕ್ಟರು. ಸೆರಗಿನ ತುದಿಯ ಗಂಟಿನಲ್ಲಿ ನನ್ನ ಕನ್ನಡಕವಿತ್ತು. ನರ್ಸು ಆಚೆ ಹೋದಾಗ ಅದನ್ನು ಬಿಚ್ಚಿಕೊಂಡು ಹಾಕಿಕೊಂಡೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಾಸಿಗೆಯ ಪಕ್ಕ ಕುಳಿತಾಗ, ಇವಳು ಬದುಕಲಿ ತಾಯೇ ಎಂದು ಬೇಡಿಕೊಳ್ಳುತ್ತಿದ್ದೆ. ಅದರ ನಡುವೆಯೇ — ಒಂದು ಗಳಿಗೆ — ಇವಳು ಕಣ್ಣು ಬಿಡದೇ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದೂ ಅನಿಸಿತು. ನನಗೇ ನನ್ನ ಬಗ್ಗೆ ಭಯವಾಗಿ ಎದ್ದು ಹೊರಗೆ ಹೋದೆ.

ಅವಳು ಕಣ್ಣು ಬಿಟ್ಟಳು. ನೆನಪೆಲ್ಲ ಕಲಸಿಹೋಗಿತ್ತು. ಎಲ್ಲರೂ ಸುತ್ತ ನಿಂತು, ಬಸ್ಸಿನಿಂದ ಯಾಕಿಳಿದೆ, ಹೇಳಿ ಇಳಿಯಬಾರದಿತ್ತಾ ಎಂದು ಕೇಳುತ್ತಿದ್ದರು. ಅವಳು ನನ್ನ ಮುಖ ಹುಡುಕಿದಳು.

"ಯಕ್ಕಾ, ನಾ ನಿನ್ನ ಕನ್ನಡಕ ತರಾಕ ಹೋಗಿದ್ನಲ್ಲ... ಬಸ್ ಹತ್ತಿದ್ನೇನ? ಖರೇ ಹೇಳು."

"ಹತ್ತಿದ್ದೆ ಕಣೇ" ಎಂದೆ. "ಕನ್ನಡಕ ತಂದ್ಕೊಟ್ಟಲ್ಲ, ನೋಡು, ಹಾಕ್ಕೊಂಡಿದ್ದೀನಿ."

ಅವಳು ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಎಲ್ಲರ ಕಡೆ ತಿರುಗಿ, "ತಪ್ಪಾತ್ರೀ, ನನ್ನಿಂದ ನಿಮ್ಮೆಲ್ಲಾರ ಟ್ರಿಪ್ಪೂ ಹಾಳಾತು" ಎಂದು ಕೈ ಮುಗಿದಳು.

ಮೈ ವಾಸಿಯಾಯಿತು. ಆದರೆ ಅಂದಿನಿಂದ ಅವಳು ತನ್ನ ತಲೆಯನ್ನು ನಂಬಲಿಲ್ಲ. ಬಸ್ಸು ಹತ್ತಿ ಕೂತದ್ದು, ಇಳಿದದ್ದು, ಅಷ್ಟು ದೂರ ನಡೆದದ್ದು, ಒಂದೂ ನೆನಪಿಲ್ಲದ ಮೇಲೆ ಇನ್ನೇನನ್ನು ನಂಬಬೇಕು? ಹೊಲಿದ ಕಾಲರನ್ನೇ ಎತ್ತಿ "ಯಕ್ಕಾ, ಇದನ್ನ ನಾ ಹಚ್ಚಿದ್ನೇನ?" ಎಂದು ಕೇಳುವಳು. ಬೀಗ ಹಾಕಿ ಬೀದಿ ತಿರುವಿನಿಂದ ವಾಪಸ್ ಬಂದು ಎಳೆದು ನೋಡುವಳು. ಗಂಡ "ಇಕಿ ತಲಿ ಕೆಟ್ಟೈತಿ" ಎಂದು ವಠಾರದಲ್ಲೆಲ್ಲ ಹೇಳಿಕೊಂಡು ತಿರುಗಿದ. ಕಡೆಗೆ ಅವಳೇ ಕೆಲಸ ಬಿಟ್ಟಳು. ನಾನು ಪಕ್ಕದ ಮೆಷಿನ್ನಿನಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದೆ. ಅವಳಿಗೆ ಎಂದಾದರೂ ನೆನಪು ಬಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ, ಅವಳು ಅನುಮಾನಿಸಿದಾಗಲೆಲ್ಲ "ಡಾಕ್ಟರಿಗೆ ತೋರಿಸ್ಬೇಕು ಕಣೇ" ಎಂದು ನಾನೇ ಹೇಳುತ್ತಿದ್ದೆ.

ಈಗ ಶಿಲ್ಪಾಗೆ ಮದುವೆಯಾಗಿದೆ. ಅವಳ ಗಂಡನಿಗೆ ವರ್ತೂರಿನಲ್ಲಿ ಅಪಾರ್ಟ್‌ಮೆಂಟು ಕಟ್ಟುವ ಕೆಲಸ; ಕೆರೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ರೂಮು. ಬಾಣಂತನಕ್ಕೆ ಮಹಾದೇವಿ ಅಲ್ಲಿಗೆ ಹೋಗಿದ್ದಾಳೆ. ಹೋದ ತಿಂಗಳು ಶಿಲ್ಪಾ ಫೋನಿನಲ್ಲಿ ಅತ್ತಳು. "ಆಂಟಿ, ಅಮ್ಮ ಪಾಪೂನ ಮುಟ್ಟಲ್ಲ. ನನ್ ತಲಿ ನನಗ ಭರವಸಿಲ್ಲ, ಎಲ್ಲೋ ಇಟ್ಟು ಮರೆತ್ರೆ ಏನ್ ಗತಿ ಅಂತಾಳೆ. ನಾನು ಸ್ನಾನಕ್ಕೆ ಹೋಗ್ಬೇಕಂದ್ರೂ ಪಕ್ಕದ್ಮನೆಯೋರನ್ನ ಕರೀತಾಳೆ."

ಒಂದು ಹೆಂಗಸು ತನ್ನ ಮೊಮ್ಮಗುವನ್ನು ಎತ್ತಿಕೊಳ್ಳಲು ಹೆದರುವಂತೆ ನಾನು ಮಾಡಿದ್ದೆ.

ಮೊನ್ನೆ ಭಾನುವಾರ ವರ್ತೂರಿಗೆ ಹೋದೆ. ಮಾರತ್ತಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ, ವಾಪಸ್ ಹೋಗಿಬಿಡೋಣ ಎಂದು ಪೀಣ್ಯದ ಕಡೆಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲನ್ನೂ ಇಟ್ಟಿದ್ದೆ. ಕಂಡಕ್ಟರ್ "ಹತ್ತಿ ಅಕ್ಕ, ಇಲ್ಲಾಂದ್ರೆ ಇಳೀರಿ" ಎಂದ. ಇಳಿದೆ.

ಮಹಡಿಯ ಮೇಲೆ ಶೀಟು ಹೊದಿಸಿದ ರೂಮು, ಒಳಗೆ ಕಾವು. ಶಿಲ್ಪಾಳ ಎದುರಿಗೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ನಡುವೆ ಅಳು ಬಂತು. ಅತ್ತರೆ ಮಹಾದೇವಿಯೇ ಸಮಾಧಾನ ಮಾಡಿಬಿಡುತ್ತಾಳೆಂದು ನುಂಗಿಕೊಂಡೆ. ಮಹಾದೇವಿ ಕೂಸಿನ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹಂಗಾರ ನಾ ಹತ್ತಿರಲಿಲ್ಲ."

"ಇಲ್ಲ."

"ನನ್ನ ತಲಿ ನೆಟ್ಟಗಿತ್ತು."

"ನೆಟ್ಟಗಿತ್ತು ಮಾದೇವಿ."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅದಕ್ಕಾಗಿಯೇ ಹೋದವಳ ಹಾಗೆ ಕಾದೆ. ಅವಳು ಹೇಳಿದ್ದು ಒಂದೇ: "ಅವತ್ತು ಎಲ್ಲಾರ ಮುಂದ ಹೇಳಿದ್ದಿ. ಇದನ್ನೂ ಎಲ್ಲಾರ ಮುಂದ ಹೇಳು."

ಹೇಳುತ್ತಿದ್ದೇನೆ. ನಾಳೆ ಮೆಷಿನ್ನುಗಳು ಶುರುವಾಗುವ ಮೊದಲು ಲೈನಿನಲ್ಲೂ, ಮೂರ್ತಿ ಸಾರ್ ಎದುರಿಗೂ, ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಅಲ್ಲಿ ನನಗೆ ಕೆಲಸವಿರುತ್ತದೋ, ಯಾರಾದರೂ ಪಕ್ಕದಲ್ಲಿ ಊಟಕ್ಕೆ ಕೂರುತ್ತಾರೋ ಗೊತ್ತಿಲ್ಲ. ಭಯ ಹೋಗಿಲ್ಲ. ಹೋಗುವವರೆಗೆ ಕಾಯುವುದಿಲ್ಲ.

ಆ ಭಾನುವಾರ, ಅವಳು ಅಷ್ಟು ಹೇಳುವ ಹೊತ್ತಿಗೆ ಕೆಳಗೆ ನೀರಿನ ಟ್ಯಾಂಕರ್ ಬಂದ ಸದ್ದಾಯಿತು. ಮಹಾದೇವಿ ಎದ್ದು ಮಗಳ ಮುಂದೆ ಎರಡೂ ಕೈ ಚಾಚಿದಳು.

"ಕೂಸಿನ ಇಲ್ಲಿ ಕೊಡು. ನೀ ಹೋಗಿ ನೀರು ಹಿಡಕೊಂಡು ಬಾ."

ಶಿಲ್ಪಾ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಹೋಗು ಅಂದ್ನಲ್ಲ."

ಶಿಲ್ಪಾ ಕೂಸನ್ನು ಕೊಟ್ಟು, ಕೊಡ ತೆಗೆದುಕೊಂಡು ಹೋದಳು. ಮಹಾದೇವಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ಬೆನ್ನು ಮಾಡಿ, ಕಿಟಕಿಯ ಹತ್ತಿರ ಹೋಗಿ ನಿಂತಳು. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದೆ.