ಟವೆಲ್ ಮಡಿಚುವ ಲ್ಯಾಟಿನ್

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಕಾಗೆಯಿಂದ ಕಂಡಕ್ಟರ್‌ವರೆಗೆ ಕಂಡವರನ್ನೆಲ್ಲ ಅಣಕಿಸುವ ಚಟ ನನ್ನದು; ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ತುಮಕೂರಿನ ರೂಮಿನಲ್ಲಿ ಒಣಗಿದ ಟವೆಲ್ ಎತ್ತಿಕೊಂಡೆ, ಕೈ ತಾನಾಗಿಯೇ ನಾಲ್ಕು ಮಡಿಕೆ ಹಾಕಿತು. ಚಿನ್ನಪ್ಪ ಮೇಷ್ಟ್ರ ಮಡಿಕೆ ಅದು.

ಪಾದ್ರಿಯಾಗಲು ಹೋಗಿ, ಲ್ಯಾಟಿನ್ ಕಲಿತು, ಪಾದ್ರಿಯಾಗದೆ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಕಲಿತದ್ದು ತಮ್ಮೊಂದಿಗೇ ಮುಗಿಯಬಾರದೆಂದು ಭಾನುವಾರಗಳಲ್ಲಿ ಗುಬ್ಬಿಯ ಮನೆಯಲ್ಲಿ ನಮ್ಮಂಥ ಐದಾರು ಜನಕ್ಕೆ ಪಾಠ ಹೇಳುತ್ತಿದ್ದರು. ನಾನು ಹೋಗುತ್ತಿದ್ದದ್ದು ಅವರ ಕಾಫಿಗೆ. ನಿಮ್ಮ ಹತ್ತಿರ ಮುಚ್ಚಿಡುವುದೇನು.

ಒಂದು ದಿನ ಹೆಗಲ ಟವೆಲ್ ತೆಗೆದು ಮಡಿಚುತ್ತಾ ‘ಪ್ಲಿಕಾರೆ’ ಎಂದರು. ಲ್ಯಾಟಿನ್ನಿನಲ್ಲಿ ಮಡಿಚುವುದು. ಅದರಿಂದ ಹುಟ್ಟಿದ ಇಟಲಿಯ ಪಿಯೆಗಾರೆ, ಫ್ರೆಂಚರ ಪ್ಲಿಯೇ ಇನ್ನೂ ಮಡಿಚುತ್ತಲೇ ಇವೆ. ಸ್ಪೇನಿನ ನಾವಿಕರು ದಡ ಸೇರಿ ಹಾಯಿ ಮಡಿಚಿದರಂತೆ. ಅವರಲ್ಲಿ ಅದೇ ಪದ ಯೆಗಾರ್, ಬಂದು ಸೇರುವುದು. ರೊಮೇನಿಯಾದ ಕಡೆ ಸೈನಿಕರು ಡೇರೆ ಮಡಿಚಿ ಎದ್ದರಂತೆ. ಅಲ್ಲಿ ಅದು ಪ್ಲೆಕಾ, ಹೊರಟುಹೋಗುವುದು.

“ಒಂದೇ ತಾಯಿ ಮಕ್ಳು ಕಣ್ರೋ. ಒಬ್ಬ ಬಂದ, ಒಬ್ಬ ಹೋದ.”

ಅವರು ಕಾಫಿ ತರಲು ಒಳಹೋದದ್ದೇ ತಡ, ಟವೆಲ್ ನನ್ನ ಕೈಗೆ ಬಂತು. ದನಿ ಬಂತು, ಜಾರುವ ಕನ್ನಡಕ ಬಂತು. ಅಷ್ಟಕ್ಕೇ ನಿಲ್ಲಬೇಕಿತ್ತು. ಮಡಿಚುವಾಗ ನಡುಗುತ್ತಿದ್ದ ಅವರ ಬಲಗೈಯನ್ನೂ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಬಾಗಿಲಲ್ಲಿ ಮೇಷ್ಟ್ರು, ಅವರ ತಟ್ಟೆಯಲ್ಲಿ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು.

ಮುಂದಿನ ಭಾನುವಾರ ಮನೆಗೆ ಬೀಗ. ಕುಣಿಗಲ್‌ಗೆ ಮಗಳ ಮನೆಗೆ ಹೋದರು, ಇನ್ನು ಪಾಠ ಇಲ್ಲವಂತೆ ಎಂದರು ಪಕ್ಕದವರು. ಎರಡು ಬಸ್ಸು ಹತ್ತಿಳಿದು ಹೋದೆ. ದಾರಿಯುದ್ದಕ್ಕೂ ತಪ್ಪಾಯಿತು ಎನ್ನುವುದನ್ನು ಅಭ್ಯಾಸ ಮಾಡಿದ್ದೆ. ಊರವರ ದನಿಯೆಲ್ಲ ಬರುವ ಗಂಟಲಿಗೆ ನನ್ನದೇ ದನಿ ಬರಲಿಲ್ಲ. ಮೇಷ್ಟ್ರು ಒಣಗಿದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಕೂತಿದ್ದರು. ಬೆಡ್‌ಶೀಟಿನ ತುದಿ ಕೈಯಿಂದ ಜಾರುತ್ತಿತ್ತು. ಹೋಗಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಮಡಿಚಿದೆವು.

ಇನ್ನು ಇವರು ಕರೆಯುವುದಿಲ್ಲ ಎಂದುಕೊಂಡು, ಚಪ್ಪಲಿ ಮೆಟ್ಟುತ್ತಾ, “ಹೋಗ್ತೀನಿ ಸಾರ್,” ಅಂದುಬಿಟ್ಟೆ. ನಮ್ಮ ಕಡೆ ಮತ್ತೆ ಬಾರದವರಷ್ಟೇ ಹಾಗೆ ಹೇಳುವುದು.

ಇವತ್ತೂ ಭಾನುವಾರ. ಮಡಿಚಿದ ಟವೆಲ್ ಬ್ಯಾಗಿನಲ್ಲಿದೆ, ಗುಬ್ಬಿ ಬಸ್ಸಿಗೆ ಹೊತ್ತಾಯಿತು. ಈಗ ಬರೆದು, ಮಡಿಚಿ ಪಾಠ ಹೇಳುವವನು ನಾನು. ಊರಿಗೆ ಮರಳಿದ ಮೇಷ್ಟ್ರು ಕುರ್ಚಿಯಲ್ಲಿ ಕೂತು ತಪ್ಪು ಹಿಡಿಯುತ್ತಾರೆ. ಅವರ ಕೈಯನ್ನು ಅಣಕಿಸುವುದು ಬಿಟ್ಟಿದ್ದೇನೆ, ದನಿಯನ್ನು ಬಿಟ್ಟಿಲ್ಲ. ಅಂದು ಕುಣಿಗಲ್‌ನ ಆ ಹೊಸ್ತಿಲಲ್ಲಿ ಅವರು ಹೇಳಿದ್ದನ್ನು ಅದೇ ದನಿಯಲ್ಲಿ ಕೇಳಿ:

“ಬರ್ತೀನಿ ಅನ್ನೋ. ನನ್ ಕೈ ಅಣಕಿಸೋಕೆ ಬರುತ್ತಲ್ಲ, ಭಾನುವಾರದಿಂದ ಅದ್ರ ಕೆಲ್ಸಾನೂ ಮಾಡು.”