ಸ್ಪಿರಿಟ್ಟಿನಲ್ಲಿ ನೆನೆದ ಎಲೆಗಳು

“ಕಾಡುಗೆಣಸು ಅಂದ್ರೆ ನಿಮಗೆಲ್ಲ ಮಣ್ಣೊಳಗಿನ ಗಡ್ಡೆ ಮಾತ್ರ ಕಾಣೋದು. ನಾನು ನೋಡೋದು ಬಳ್ಳೀನ. ಕೆಲವು ಬಲಕ್ಕೆ ಸುತ್ತುತ್ತವೆ, ಕೆಲವು ಎಡಕ್ಕೆ. ನೀವು ಉಲ್ಟಾ ಸುತ್ತಿ ಬಂದ್ರೂ ಮತ್ತೆ ಬಿಚ್ಕೊಂಡು ತಮ್ಮ ದಾರಿಗೇ ಹೋಗಿರ್ತವೆ, ನಮ್ಮ ಭಾವನ ಥರ. ನಗಬೇಡಿ, ಪೂರ್ತಿ ಕೇಳಿ. ಹೊಲದ ಗೆಣಸು ನೀರು ನಿಂತ್ರೆ ಕೊಳೆಯುತ್ತೆ. ಬಂಡೆ ಸಂದಿಯಲ್ಲಿ, ನೀರು ಸೋರೋ ಜಾಗದಲ್ಲೇ ಬೆಳೆಯೋ ಒಂದು ಜಾತಿ ಇದೆ, ಅದು ಕೊಳೆಯಲ್ಲ. ಅದಕ್ಕೂ ಹೊಲದ್ದಕ್ಕೂ ಎಷ್ಟು ಹತ್ತಿರದ ನಂಟು ಅಂತ ಗೊತ್ತಾದ್ರೆ ಎರಡನ್ನೂ ಕೂಡಿಸಬಹುದು. ಆದ್ರೆ ಮುಖ ನೋಡಿ ನಂಟು ಹೇಳೋಕಾಗಲ್ಲ, ಎಲೆ ಒಳಗಿರೋ ವಂಶವನ್ನ ಓದ್ಬೇಕು. ಓದೋ ಯಂತ್ರ ಹೊರದೇಶದಲ್ಲಿದೆ. ಉಪಯೋಗಕ್ಕೆ ಬರೋ ಗಿಡಗಳ ಮೇಲೆ ಕೆಲಸ ಮಾಡೋ ದಕ್ಷಿಣ ಏಷ್ಯಾದವರಿಗೆ ಅಂತಾನೇ ಅಲ್ಲೊಂದು ಫೆಲೋಶಿಪ್ ಇದೆ. ವಯಸ್ಸಿನ ಮಿತಿ ನನಗೆ ಈ ವರ್ಷಕ್ಕೆ ಮುಗಿಯುತ್ತೆ. ಈ ಸಲ ಹೋದ್ರೆ ಹೋದೆ. ಇಲ್ಲಾಂದ್ರೆ ನಮ್ಮ ವಿಭಾಗದ ಬೀರುವಿನ ಒಣಗಿದ ಎಲೆಗಳ ಜೊತೆ ನಾನೂ ಒಂದು ಎಲೆ.”

ಚಿಕ್ಕಿ ಇಷ್ಟನ್ನೂ ಅಕ್ಕನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಹೇಳಿದ್ದಳು. ಅಕ್ಕನ ಮಕ್ಕಳಿಗೆ ಚಿಕ್ಕಿ, ಆಮೇಲೆ ಬೀದಿಗೆಲ್ಲ ಚಿಕ್ಕಿ. ಮದುವೆಯ ಮಾತು ಬಂದಾಗಲೆಲ್ಲ ಗುಡ್ಡ ಹತ್ತಿ ಹೋದವಳು ಎಂದು ಭಾವ ಚುಡಾಯಿಸುತ್ತಿದ್ದ. ಅದು ಸುಳ್ಳೂ ಅಲ್ಲ. ಮಳೆ ಹಿಡಿಯಿತೆಂದರೆ ಅವಳು ಊರಲ್ಲಿರುತ್ತಿರಲಿಲ್ಲ; ಕಾಡುಗೆಣಸಿನ ಬಳ್ಳಿ ಎಲೆ ಬಿಡುವುದು ಮಳೆಯಲ್ಲೇ. ಬಿಸಿಲು ಬಲಿತರೆ ಬಳ್ಳಿ ಬುಡದವರೆಗೂ ಒಣಗಿ, ಇತ್ತೆಂಬ ಗುರುತೂ ಉಳಿಯುವುದಿಲ್ಲ.

ಮಳೆಯಲ್ಲಿ ಎಲೆ ಕೊಯ್ಯುವುದೇನೋ ಸುಲಭ. ಒಣಗಿಸುವುದೇ ಹರಸಾಹಸ. ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟರೆ ಬೆಳಗಾಗುವುದರೊಳಗೆ ಬೂಸ್ಟು. ಅದಕ್ಕೆ ಅವಳು ಕೆಲಸ ಮಾಡುವ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಒಂದು ಉಪಾಯ ಕಲಿಸಿದ್ದರು. ಕಟ್ಟಿನ ಮೇಲೆ ಸ್ಪಿರಿಟ್ ಸುರಿದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಬಿಡುವುದು. ಊರಿಗೆ ಬಂದ ಮೇಲೆ ನಿಧಾನವಾಗಿ ಒಣಗಿಸಿಕೊಳ್ಳಬಹುದು. ಎಲೆ ಕಂದು ಬಣ್ಣಕ್ಕೆ ತಿರುಗಿದರೂ ಉದುರುವುದಿಲ್ಲ, ಕೊಳೆಯುವುದಿಲ್ಲ. ಚಿಕ್ಕಿಯ ಬಟ್ಟೆಬರೆಗೆಲ್ಲ ಅದೇ ವಾಸನೆ.

“ನಿನ್ನ ಪಕ್ಕ ಮಲಗಿದ್ರೆ ಹೆಂಡದಂಗಡಿ ಜಗಲಿ ಮೇಲೆ ಮಲಗಿದ ಹಾಗಾಗುತ್ತೆ ಕಣೇ,” ಎನ್ನುತ್ತಿದ್ದಳು ಅಕ್ಕ.

“ಪುಕ್ಕಟೆ ನಶೆ, ಸುಮ್ಮನೆ ಮಲಕ್ಕೋ.”

ಫೆಲೋಶಿಪ್ ಸಿಕ್ಕೇಬಿಟ್ಟಿತು. ಮೇಷ್ಟ್ರು ಎಲ್ಲರೆದುರು ಅವಳ ಬೆನ್ನು ತಟ್ಟಿದರು. ಅವರೂ ಹಿಂದೆ ಅದೇ ಫೆಲೋಶಿಪ್ಪಿನಲ್ಲಿ ಅದೇ ಲ್ಯಾಬಿಗೆ ಹೋಗಿ ಬಂದವರು. ಆ ಕಥೆ ಹೇಳದೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಕ್ಕ ಒಂದು ದಪ್ಪ ಕೋಟು ತಂದಳು. ಭಾವ ಅದನ್ನು ತಾನೇ ತೊಟ್ಟು, ಅಂಗಳದಲ್ಲಿ ದೊರೆಯ ಹಾಗೆ ತಿರುಗಿ, ಬೆವರಿ ಬಿಚ್ಚಿಟ್ಟ. ಒಂದೇ ಷರತ್ತಿತ್ತು: ಎಲೆಗಳನ್ನು ಮೊದಲು ಕಳಿಸಬೇಕು, ಯಂತ್ರ ಅವನ್ನು ಓದಬಲ್ಲದು ಎಂದು ಲ್ಯಾಬಿನವರಿಗೆ ಖಾತ್ರಿಯಾಗಬೇಕು. ಚಿಕ್ಕಿ ಆರಿಸಿ ಆರಿಸಿ, ಕೂಸಿಗೆ ದುಪಟಿ ಸುತ್ತುವಂತೆ ಸುತ್ತಿ ಕಳಿಸಿದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಆ ಲ್ಯಾಬಿನ ಹೆಂಗಸು ಕಂಪ್ಯೂಟರಿನ ಪರದೆಯ ಮೇಲೆ ಮಾತಿಗೆ ಸಿಕ್ಕಳು. ಒಳ್ಳೆಯ ಹೆಂಗಸು. ಹೇಳಲು ಅವಳಿಗೇ ಸಂಕಟವಾಗುತ್ತಿತ್ತು. ಎಲೆಗಳಲ್ಲಿ ಏನೂ ಸಿಗುತ್ತಿಲ್ಲ, ವಂಶದ ಎಳೆಯೆಲ್ಲ ಪುಡಿಪುಡಿಯಾಗಿದೆ, ಹೇಗೆ ಒಣಗಿಸಿದಿರಿ ಎಂದು ಕೇಳಿದಳು. ಚಿಕ್ಕಿ ಹೇಳಿದಳು. ಆ ಹೆಂಗಸು ಹಣೆಗೆ ಕೈ ಹಚ್ಚಿಕೊಂಡಳು. ಸ್ಪಿರಿಟ್ ಎಲೆಯ ಆಕಾರ ಉಳಿಸುತ್ತದೆ, ಒಳಗನ್ನು ತಿಂದುಹಾಕುತ್ತದೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿರುತ್ತದಲ್ಲ, ತೇವ ಹೀರುವ ಹರಳು, ಅದರಲ್ಲಿ ಹಸಿ ಎಲೆ ಹುಗಿದಿಡಬೇಕಿತ್ತು.

“ನಿಮ್ಮ ಮುಖ್ಯಸ್ಥರಿಗೆ ಇದು ಗೊತ್ತಿದೆಯಲ್ಲ,” ಎಂದಳು ಆಕೆ. “ಅವರ ಎಲೆಗಳೂ ಹೀಗೇ ಆಗಿದ್ದವು. ಹೊರಡುವಾಗ ನಾವೇ ಅವರಿಗೆ ಒಂದು ಡಬ್ಬಿ ಹರಳು ಕೊಟ್ಟು ಕಳಿಸಿದ್ದೆವು.”

ಹೊಸ ಎಲೆ ತರೋಣವೆಂದರೆ ಬಳ್ಳಿಗಳು ಆಗಲೇ ಒಣಗಿ ನೆಲ ಕಂಡಿದ್ದವು. ಮುಂದಿನ ಮಳೆಯವರೆಗೆ ಫೆಲೋಶಿಪ್ ಕಾಯುವುದಿಲ್ಲ. ಪಟ್ಟಿಯಲ್ಲಿ ಅವಳ ನಂತರವಿದ್ದವರ ಪಾಲಾಯಿತು. ಅಷ್ಟು ಮಳೆಗಾಲಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಚಿಕ್ಕಿ ನೇರವಾಗಿ ಮೇಷ್ಟ್ರ ಕೋಣೆಗೆ ಹೋದಳು. ಅವರು ಕನ್ನಡಕ ಒರೆಸುತ್ತಿದ್ದರು.

“ನಿಮಗೆ ಗೊತ್ತಿತ್ತಾ ಸಾರ್?”

“ಏನಮ್ಮ?”

“ಸ್ಪಿರಿಟ್ ಹಾಕಿದ್ರೆ ಎಲೆ ಹಾಳಾಗುತ್ತೆ ಅಂತ.”

“ಹಾಳೇನಿಲ್ಲ. ಬೀರುವಿನಲ್ಲಿಡೋಕೆ ಅದೇ ಶ್ರೇಷ್ಠ. ಆ ಯಂತ್ರದ ವಿಷಯ ಬೇರೆ.”

“ನಾನು ಹೋಗ್ತಿದ್ದಿದ್ದೇ ಆ ಯಂತ್ರಕ್ಕೆ.”

“ನೀನು ಕೇಳಿದ್ರೆ ಹೇಳ್ತಿದ್ದೆ,” ಎಂದರು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ. “ಇಷ್ಟು ದಿನ ಇದ್ದೋಳು, ತಿಳಿದಿರುತ್ತೆ ಅಂದ್ಕೊಂಡೆ.”

ತಿಳಿದಿರುವುದು ಎಲ್ಲಿಂದ? ಸ್ಪಿರಿಟ್ ಸುರಿಯಲು ಕಲಿಸಿದ ಕೈಯೇ ಅವರದು. ಅವಳು ಕ್ಯಾನು ಹೊತ್ತು ಗುಡ್ಡಕ್ಕೆ ಹೊರಡುವುದನ್ನು ಪ್ರತಿ ಮಳೆಯಲ್ಲೂ ಕಿಟಕಿಯಿಂದ ನೋಡಿದವರು. ಅವರ ಹಿಂದಿನ ಗಾಜಿನ ಕಪಾಟಿನಲ್ಲಿ ಬಿಗಿ ಮುಚ್ಚಳದ ಭರಣಿಗಳು ಸಾಲಾಗಿದ್ದವು. ಒಳಗೆ ಹರಳು, ಹರಳಿನ ನಡುವೆ ಹಸಿರು ಹಸಿರಾದ ಎಲೆಗಳು. ಆ ಕಪಾಟನ್ನು ಯಾರೂ ಮುಟ್ಟುವಂತಿರಲಿಲ್ಲ. ಮೇಷ್ಟ್ರ ಸ್ವಂತ ಕೆಲಸ ಎಂದು ಎಲ್ಲರೂ ಭಯಭಕ್ತಿಯಿಂದ ದೂರವಿದ್ದರು. ಚಿಕ್ಕಿ ಕೂಡ.

“ಬೇಜಾರು ಮಾಡ್ಕೋಬೇಡ,” ಎಂದರು. “ಮುಂದಿನ ಮಳೆಗೆ ನನ್ನ ಯೋಜನೆಯಲ್ಲಿ ಕಾಡುಗೆಣಸೂ ಸೇರಿಸ್ತೀನಿ. ಜಾಗ ನಿನಗೆ ಗೊತ್ತು. ಹರಳು ನಾನು ಕೊಡ್ತೀನಿ, ಎಲೆ ನೀನು ತಂದುಕೊಡು. ಪ್ರಬಂಧದ ಕೊನೆಯಲ್ಲಿ ನಿನಗೊಂದು ಕೃತಜ್ಞತೆ ಹೇಳೋಣ.”

ಚಿಕ್ಕಿಗೆ ನಗು ಬಂತು. ಅಳುವುದಕ್ಕೆ ಬಂದವಳು ನಕ್ಕದ್ದು ಕಂಡು ಮೇಷ್ಟ್ರು ಕನ್ನಡಕ ಹಾಕಿಕೊಂಡರು.

“ನಿಮ್ಮ ಹೆಸರಿಗೆ ನನ್ನ ಮೊಣಕಾಲು ಗುಡ್ಡ ಹತ್ತಲ್ಲ ಸಾರ್. ಬಂಡೆ ಎಲ್ಲಿದೆ ಅಂತ ನೀವೇ ಹುಡುಕ್ಕೊಳ್ಳಿ.”

ಅದರ ಫಲ ವಾರದೊಳಗೆ ಬಂತು. ಅವಳ ಮೇಜು ಹಿಂದಿನ ಕೋಣೆಗೆ ಹೋಯಿತು. ಇನ್ನು ಗುಡ್ಡವಿಲ್ಲ; ಬೇರೆಯವರು ತಂದ ಎಲೆಗಳನ್ನು ರಟ್ಟಿಗೆ ಹೊಲಿದು ಚೀಟಿ ಅಂಟಿಸುವುದಷ್ಟೇ ಕೆಲಸ.

“ಸ್ವಲ್ಪ ಹಲ್ಲು ಕಚ್ಕೊಂಡು ಇರಬಾರದಿತ್ತಾ?” ಎಂದಳು ಅಕ್ಕ ಅಂದು ಸಂಜೆ. “ಎಲೆ ತಂದುಕೊಟ್ಟಿದ್ರೆ ಗೆಣಸಿನ ಕೆಲಸವಾದ್ರೂ ಮುಂದುವರೀತಿತ್ತು. ಈಗ ನಿನಗೂ ಇಲ್ಲ, ಜನಕ್ಕೂ ಇಲ್ಲ.”

ಈ ಮಾತು ಚಿಕ್ಕಿಗೆ ಮೇಷ್ಟ್ರ ಮಾತಿಗಿಂತ ಆಳಕ್ಕೆ ನಾಟಿತು. ಏಕೆಂದರೆ ಅದು ನಿಜ. ಕೊಳೆಯದ ಆ ಬಳ್ಳಿ ಎಲ್ಲಿದೆಯೆಂದು ಗೊತ್ತಿದ್ದವಳು ಅವಳೊಬ್ಬಳೇ.

“ಇರಲಿ ಬಿಡೇ,” ಎಂದ ಭಾವ ಮೆಲ್ಲಗೆ. “ದೀಪದ ಬುಡದಲ್ಲಿ ಕತ್ತಲೆ ಇದ್ದದ್ದೇ.”

“ಕತ್ತಲೆ ಅಲ್ಲ ಭಾವ. ಬೇಕಂತಲೇ ಕೈ ಅಡ್ಡ ಹಿಡಿದಿದ್ರು.”

“ಹಾಗಾದ್ರೆ ಈಗ ನೀನು ಹಿಡಿದಿರೋದೇನೇ?” ಎಂದಳು ಅಕ್ಕ.

ಭಾವ ಎದ್ದು ಹೊರಗೆ ಹೋದ. ಅಕ್ಕ ಬಚ್ಚಲಿಗೆ ಪಾತ್ರೆ ತಂದು ಹಾಕಿದಳು. ಚಿಕ್ಕಿ ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಸೀದ ಅನ್ನದ ತಪ್ಪಲೆಯನ್ನು ಮುಂದಕ್ಕೆಳೆದುಕೊಂಡು, ತಳಕ್ಕೆ ಬೂದಿ ಹಾಕಿ ಉಜ್ಜತೊಡಗಿದಳು.